ಸ್ಟೀಲು ಆರುವ ಹೊತ್ತು

ಸರಪಳಿ ಅಕ್ಕ ಒಂದು ಸುಳ್ಳು ಹೇಳುತ್ತಿದ್ದಳು. ಯಾರ ಮನೆಯನ್ನೂ ಮುರಿಯುವಂಥ ಸುಳ್ಳಲ್ಲ ಬಿಡಿ. ತಾನು ಕೈಯಲ್ಲಿ ಹೆಣೆದು ಮಾರುವ ಸ್ಟೀಲಿನ ಸರಗಳನ್ನು ಮೂರು ತಿಂಗಳಿಗೊಮ್ಮೆ ತನ್ನ ಹತ್ತಿರವೇ ತಂದು ತೊಳೆಸಬೇಕು ಎಂದು ಕೊಂಡವರಿಗೆಲ್ಲ ಹೇಳುತ್ತಿದ್ದಳು, ಅಷ್ಟೆ. ಸ್ಟೀಲಿಗೆ ಅಂಥ ಉಪಚಾರವೇನೂ ಬೇಕಿಲ್ಲ ಎಂಬುದು ಊಟದ ತಟ್ಟೆ ತೊಳೆದವರಿಗೆಲ್ಲ ಗೊತ್ತು. ಆದರೆ ಅದೇ ಸ್ಟೀಲು ಕೊರಳಿಗೆ ಬಂತೆಂದರೆ ಜನರಿಗೆ ತಟ್ಟೆ ಮರೆತುಹೋಗುತ್ತದೆ. ಅಕ್ಕ ಹೇಳಿದ್ದನ್ನು ಎಲ್ಲರೂ ನಂಬಿದರು.

ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕೋಣೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಎರಡು ಇಕ್ಕಳ, ಒಂದು ಸಣ್ಣ ಗರಗಸ, ತಂತಿಯ ಸುರುಳಿಗಳು. ತಂತಿಯನ್ನು ಕಬ್ಬಿಣದ ಸರಳಿಗೆ ಬಿಗಿಯಾಗಿ ಸುತ್ತಿ ಸ್ಪ್ರಿಂಗಿನ ಹಾಗೆ ಮಾಡಿ, ಅದನ್ನು ಉದ್ದಕ್ಕೆ ಕೊಯ್ದರೆ ಪುಟ್ಟ ಪುಟ್ಟ ಬಳೆಗಳು ಉದುರುತ್ತವೆ. ಒಂದೊಂದನ್ನೂ ಎರಡು ಇಕ್ಕಳಗಳಲ್ಲಿ ಹಿಡಿದು ಪಕ್ಕಕ್ಕೆ ತಿರುಚಿ, ಬಾಯಿ ತೆರೆದು, ಇನ್ನೊಂದರೊಳಗೆ ತೂರಿಸಿ ಮತ್ತೆ ಮುಚ್ಚಿದರೆ ಅದೊಂದು ಕೊಂಡಿ. ಬೆಳ್ಳಿಯಾದರೆ ಹೇಳಿದ ಮಾತು ಕೇಳುತ್ತದೆ. ಸ್ಟೀಲು ಹಟಮಾರಿ, ಮುಚ್ಚಿ ಕೈಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮುಂದೆ ಒಯ್ದು ವಾಪಸು ತರಬೇಕು. ಆಗ ಎರಡು ತುದಿಗಳೂ ಒಂದಕ್ಕೊಂದು ಉಜ್ಜಿ ಟಿಕ್ ಎನ್ನುತ್ತವೆ. ಆ ಟಿಕ್ ಕೇಳಿಸದೆ ಅಕ್ಕ ಮುಂದಿನ ಕೊಂಡಿಗೆ ಹೋದವಳೇ ಅಲ್ಲ. ಸರ ಮುಗಿದ ಮೇಲೆ ಅದರ ಮೇಲೆ ಒಂದು ಹಳೆಯ ನೈಲಾನ್ ಕಾಲುಚೀಲವನ್ನು ಎಳೆಯುತ್ತಿದ್ದಳು. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ಕೊಂಡಿ ಬಾಯಿ ಬಿಟ್ಟಿದೆ ಎಂದು ಲೆಕ್ಕ. ಅವಳ ಸರದಲ್ಲಿ ಎಳೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಆ ವಿಷಯದಲ್ಲಿ ಅವಳಿಗೆ ಎರಡು ಕೋಡು ಮೂಡಿದ್ದವು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಸುಳ್ಳು ಶುರುವಾದದ್ದು ಅಮ್ಮ ತೀರಿಕೊಂಡ ವರ್ಷ. ಅಮ್ಮನೋ ಮಹಾ ಬಾಯಾಳಿ. ಹಾಸಿಗೆ ಹಿಡಿದ ಮೇಲೂ ಕೆಳಗಿನ ಬೀದಿಯಲ್ಲಿ ಯಾರು ಕೆಮ್ಮಿದರು, ಯಾರ ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದು ವರದಿ ಕೊಡುತ್ತಿದ್ದಳು. ಅವಳು ಹೋದ ಮೇಲೆ ಕೋಣೆಯಲ್ಲಿ ಇಕ್ಕಳದ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ದಿನ ಮಧ್ಯಾಹ್ನ ಚಪ್ಪಲಿ ಅಂಗಡಿಯವನು ಮೇಲೆ ಬಂದು "ಅಕ್ಕಾ, ಸ್ವಲ್ಪ ನೀರು ಕೊಡಿ" ಎಂದಾಗ, ಉತ್ತರ ಕೊಡಲು ಬಾಯಿ ತೆರೆದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ನಿನ್ನೆಯಿಂದ ತಾನು ಯಾರೊಂದಿಗೂ ಮಾತಾಡಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವನು ನೀರು ಕುಡಿದು ಹೋದ ಮೇಲೆ ಕೂತು ಅತ್ತಳು. ಅದೇ ವಾರ ಟೈಲರಮ್ಮ ಸರ ಕೊಳ್ಳಲು ಬಂದು "ಇದನ್ನ ನೋಡ್ಕೊಳೋದು ಹೇಗೆ?" ಎಂದು ಕೇಳಿದಳು ನೋಡಿ, ಅಕ್ಕನ ಬಾಯಿಂದ ತಾನಾಗಿ ಬಂತು: "ಅಯ್ಯೋ, ನೀವೆಲ್ಲಾದ್ರೂ ಮುಟ್ಟೀರಾ! ಮೂರು ತಿಂಗಳಿಗೊಂದ್ಸಲ ನನ್ನ ಹತ್ರ ತನ್ನಿ."

ಒಂದು ಸುಳ್ಳು ಹೇಳಿದವರಿಗೆ ಅದಕ್ಕೊಂದು ಅಂಗಿ ತೊಡಿಸದೆ ಇರಲಾಗುವುದಿಲ್ಲ. ಅಕ್ಕ ತೊಡಿಸಿದ್ದು ಅಂಗಿಯ ಮೇಲೆ ಕೋಟು. ಮೊದಲನೇ ನೀರು ಬೆಚ್ಚಗೆ, ಒಂದು ಹನಿ ಸೋಪು. ಎರಡನೇ ನೀರು ಅದಕ್ಕಿಂತ ಬೆಚ್ಚಗೆ, ಸೋಪಿಲ್ಲದೆ. ಮೆತ್ತನೆಯ ಬ್ರಷ್ಷಿನಲ್ಲಿ ಒಂದೊಂದು ಕೊಂಡಿಯ ಬಗಲು ತಿಕ್ಕುವುದು. ಆಮೇಲೆ ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ, ದನಿ ತಗ್ಗಿಸಿ, "ಈಗ ಇದು ಅರ್ಧ ಗಂಟೆ ಆರಬೇಕು. ಒಳಗಿನ ಬೆವರೆಲ್ಲ ಬಿಟ್ಕೋಬೇಕು. ಸ್ಟೀಲಿಗೂ ವಿಶ್ರಾಂತಿ ಬೇಕು ನೋಡಿ" ಎನ್ನುವಳು. ಆ ಅರ್ಧ ಗಂಟೆಯಲ್ಲಿ ಚಹಾ ಆಗುತ್ತಿತ್ತು, ಟೈಲರಮ್ಮನ ಸೊಸೆಯ ಸಮಾಚಾರ ಆಗುತ್ತಿತ್ತು, ಬಸ್ಸಿನ ಕಂಡಕ್ಟರನ ಮಂಡಿನೋವಿನ ಕಥೆ ಆಗುತ್ತಿತ್ತು. ಅಕ್ಕನಿಗೆ ಬದುಕು ಅಂತ ಇದ್ದದ್ದು ಆ ಅರ್ಧ ಗಂಟೆಗಳಲ್ಲಿಯೇ.

ಬರುವವರಲ್ಲಿ ಒಬ್ಬರನ್ನು ಅಕ್ಕ ಮನಸ್ಸಿನಲ್ಲೇ ಬೀಗದಕೈ ಯಜಮಾನರು ಎಂದು ಕರೆಯುತ್ತಿದ್ದಳು. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅಂಗಿ, ಉಗುರು ಕತ್ತರಿಸಿದ ಚೊಕ್ಕ ಕೈಗಳು. ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದು ನಿವೃತ್ತರಾದವರು ಎಂದಷ್ಟೇ ಗೊತ್ತು. ಅವರು ಸರ ಕೊಂಡದ್ದು ಅಲಂಕಾರಕ್ಕಲ್ಲ, ಮನೆಯ ಬೀಗದಕೈ ಕೊರಳಲ್ಲಿ ನೇತುಹಾಕಿಕೊಳ್ಳಲು. ಒಮ್ಮೆ ಕಸದ ಬುಟ್ಟಿ ಹೊರಗಿಡಲು ಹೋದಾಗ ಬಾಗಿಲು ಹಿಂದಿನಿಂದ ತಾನೇ ಹಾಕಿಕೊಂಡು, ಬೀಗದವನು ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದರಂತೆ.

"ಇನ್ನೊಂದು ಬೀಗದಕೈ ಮಾಡ್ಸಿ ಯಾರ ಹತ್ರನಾದ್ರೂ ಇಡಬಹುದಲ್ಲ ಯಜಮಾನ್ರೇ?" ಎಂದು ಅಕ್ಕ ಕೇಳಿದ್ದಳು.

"ಮಾಡ್ಸಿದೀನಿ ಅಕ್ಕಾವ್ರೇ. ಅದೂ ಮನೆ ಒಳಗೇ ಇದೆ," ಎಂದು ಅವರು ನಕ್ಕಿದ್ದರು.

ಅಕ್ಕನೂ ನಕ್ಕಳು. ಅವರು ಹೋದ ಮೇಲೆ, ತನ್ನ ಕೋಣೆಯ ಎರಡನೇ ಬೀಗದಕೈಯೂ ಸಕ್ಕರೆ ಡಬ್ಬಿಯ ಹಿಂದೆಯೇ ಇದೆಯಲ್ಲ ಎಂದು ನೆನಪಾಗಿ ಸ್ವಲ್ಪ ಹೊತ್ತು ಕೆಲಸ ಓಡಲಿಲ್ಲ.

ಇವರಿಗೆ ಮೂರು ತಿಂಗಳೆಂದರೆ ಮೂರು ವಾರ. ಸರವೂ ಅಷ್ಟೇ, ಬೇರೆ ಯಾರದ್ದೂ ಅಷ್ಟು ಕೊಳೆಯಾಗುತ್ತಿರಲಿಲ್ಲ. ಕೊಂಡಿಗಳ ಸಂದಿಯಲ್ಲೆಲ್ಲ ಕಪ್ಪಗೆ, ಜಿಡ್ಡುಜಿಡ್ಡಾಗಿ, ಬೂಟ್ ಪಾಲಿಶಿನ ಹಾಗೆ ಏನೋ ಮೆತ್ತಿಕೊಂಡಿರುತ್ತಿತ್ತು. ಇಷ್ಟು ಚೊಕ್ಕ ಮನುಷ್ಯನ ಕುತ್ತಿಗೆ ಇಷ್ಟು ಕೊಳಕೇ ಎಂದು ಅಕ್ಕನಿಗೆ ಆಶ್ಚರ್ಯ. ಆದರೂ ಒಳಗೊಳಗೇ ಸಂತೋಷ. ಕೊಳೆ ಹೆಚ್ಚಿದ್ದರೆ ಆರುವುದೂ ಹೆಚ್ಚು ಹೊತ್ತು ಎಂದು ಅವಳೇ ಒಂದು ಶಾಸ್ತ್ರ ಮಾಡಿಟ್ಟಿದ್ದಳು. ಯಜಮಾನರು ಗಂಭೀರವಾಗಿ ತಲೆಯಾಡಿಸಿ ಬಿಳಿ ಬಟ್ಟೆಯ ಮುಂದೆ ಕೂತು, ಚಹಾ ತಣ್ಣಗಾಗುವವರೆಗೂ ಕುಡಿಯುತ್ತಿರಲಿಲ್ಲ. ಕುಡಿದರೆ ಎದ್ದು ಹೋಗಬೇಕಾಗುತ್ತದಲ್ಲ.

ಹೀಗೆ ನಡೆಯುತ್ತಿದ್ದಾಗ ತಂಗಿ ಬಂದಳು. ಅವಳ ಮನೆಗೆ ಬಣ್ಣ ಹೊಡೆಸುತ್ತಿದ್ದರು. ವಾಸನೆ ತಡೆಯಲಾಗದು, ಬಣ್ಣ ಒಣಗುವವರೆಗೆ ನಿನ್ನ ಜೊತೆ ಇರ್ತೀನಿ ಎಂದು ಎರಡು ಸೂಟ್‌ಕೇಸ್ ಹಿಡಿದು ಮೆಟ್ಟಿಲು ಹತ್ತಿದಳು. ಒಳ್ಳೆಯವಳು. ಒಳ್ಳೆಯವಳಾದ್ದರಿಂದಲೇ ಸುಮ್ಮನೆ ಕೂರುವವಳಲ್ಲ. ಬಂದ ದಿನವೇ ಅಕ್ಕನ ಡಬ್ಬಿಗಳನ್ನೆಲ್ಲ ಸಾಲಾಗಿಟ್ಟಳು, ಪರದೆ ಒಗೆದಳು, ಮರುದಿನ ಕಂಡಕ್ಟರನ ಸರ ಬಿಳಿ ಬಟ್ಟೆಯ ಮೇಲೆ ಮಲಗಿದ್ದನ್ನು ಕಂಡು, ಅವನು ಹೋಗುವವರೆಗೆ ಹೇಗೋ ತುಟಿ ಕಚ್ಚಿಕೊಂಡಿದ್ದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕಾ, ಸ್ಟೀಲಿಗೆ ವಿಶ್ರಾಂತಿನಾ? ನಮ್ಮನೆ ಸೌಟಿಗೂ ಒಂದು ದಿಂಬು ಕೊಡ್ಲಾ ಹಾಗಾದ್ರೆ?"

"ಸುಮ್ನಿರೇ. ಅವ್ರಿಗೆ ಅಭ್ಯಾಸ ಆಗಿದೆ."

"ಯಾರಿಗೆ ಅಭ್ಯಾಸ? ಇಡೀ ದಿನ ಬಿಟ್ಟಿ ತೊಳ್ಕೊಡ್ತಾ ಕೂತಿರ್ತೀಯ. ಮೇಲೆ ಚಹಾ ಬೇರೆ. ಯಾವಾಗ ಹೆಣೆಯೋದು ನೀನು? ಬೆನ್ನು ನೋಡು, ಬಿಲ್ಲಾಗಿದೆ."

ಅಕ್ಕ ಆಗಲೇ ಹೇಳಬಹುದಿತ್ತು. ಒಡಹುಟ್ಟಿದವಳು, ಹೇಳಿದ್ದರೆ ಅರ್ಥವಾಗುತ್ತಿತ್ತು. ಆದರೆ ಗಂಡ, ಮಕ್ಕಳು, ಅತ್ತೆ, ನಾದಿನಿ ಎಂದು ತುಂಬಿ ತುಳುಕುವ ಮನೆಯಿಂದ ಬಂದ ತಂಗಿಯ ಮುಂದೆ, ನನಗೆ ಮಾತಾಡಿಸುವವರಿಲ್ಲ ಕಣೇ, ಅದಕ್ಕೆ ಸುಳ್ಳು ಹೇಳ್ತೀನಿ ಎನ್ನುವುದು ಹೇಗೆ? ದೊಡ್ಡವಳೆಂಬ ಬಿಂಕವೂ ಒಂದಿತ್ತು. ಅಕ್ಕ ಬಾಯಿಗೆ ಬೀಗ ಹಾಕಿಕೊಂಡು ತಂತಿ ಸುತ್ತತೊಡಗಿದಳು.

ತಂಗಿ ಮೂಲೆಯ ಪ್ರೆಸ್ಸಿಗೆ ಹೋಗಿ ನುಣುಪಾದ ಕಾರ್ಡುಗಳನ್ನು ಅಚ್ಚು ಹಾಕಿಸಿಕೊಂಡು ಬಂದಳು. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಒಂದು ಹನಿ, ಮೆತ್ತನೆಯ ಬ್ರಷ್ಷು. ತೊಳೆದು ಹತ್ತಿ ಬಟ್ಟೆಯಲ್ಲಿ ನೀರಿನ ಪಸೆ ಇಲ್ಲದಂತೆ ಒರೆಸಿ. ಬ್ಲೀಚಿಂಗ್ ಪೌಡರ್ ಸೋಕಿಸಬೇಡಿ, ಈಜುಕೊಳಕ್ಕೆ ಹಾಕಿಕೊಂಡು ಇಳಿಯಬೇಡಿ, ಉಪ್ಪುನೀರು ತಗುಲಿದರೆ ಕೂಡಲೇ ತೊಳೆಯಿರಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಬೇರೆ ಸರಗಳೊಡನೆ ಒಂದೇ ಡಬ್ಬಿಯಲ್ಲಿ ತುರುಕಬೇಡಿ. ಎಲ್ಲವೂ ಸರಿಯೇ ಇತ್ತು. ಅಕ್ಕನ ಬಾಯಿಂದಲೇ ಕೇಳಿ ಬರೆದುಕೊಂಡದ್ದಲ್ಲವೇ. ಕೊನೆಯ ಸಾಲು ಮಾತ್ರ ತಂಗಿಯ ಸ್ವಂತದ್ದು: "ಇಷ್ಟು ಮಾಡಿದರೆ ಜೀವಮಾನವಿಡೀ ಹೊಳೆಯುತ್ತದೆ. ಯಾರ ಹತ್ತಿರವೂ ಹೋಗಬೇಕಿಲ್ಲ."

ಅಷ್ಟಕ್ಕೇ ಬಿಡಲಿಲ್ಲ ಅವಳು. ಅಕ್ಕನ ಫೋನು ಕಸಿದುಕೊಂಡು, ಸರ ಕೊಂಡವರಿಗೆಲ್ಲ ಕಾರ್ಡಿನ ಫೋಟೋ ಕಳಿಸಿದಳು. ಫೋನು ಸಂಜೆಯವರೆಗೂ ಟಿಂಗ್ ಟಿಂಗ್ ಎಂದಿತು. "ಥ್ಯಾಂಕ್ಸ್ ಅಕ್ಕ, ಓಡಾಟ ತಪ್ಪಿಸಿದ್ರಿ" ಎಂದು ಕಂಡಕ್ಟರ್. "ಎಷ್ಟು ಸುಲಭ! ಮೊದಲೇ ಹೇಳಬಾರದಿತ್ತಾ" ಎಂದು ಟೈಲರಮ್ಮ. ತಂಗಿ ಒಂದೊಂದನ್ನೂ ಓದಿ ಹೇಳುತ್ತಿದ್ದಳು, ಅಕ್ಕ ನಗುತ್ತಿದ್ದಳು. ಆ ನಗು ನೋಡಿದ್ದರೆ ನೀವೂ ಮೋಸ ಹೋಗುತ್ತಿದ್ದಿರಿ.

ಯಜಮಾನರ ಫೋನ್ ನಂಬರು ಅಕ್ಕನ ಹತ್ತಿರ ಇರಲಿಲ್ಲ. ಅಷ್ಟು ಬೇಗ ಬೇಗ ಬರುವವರಿಗೆ ನಂಬರಿನ ಅಗತ್ಯವೇ ಬಿದ್ದಿರಲಿಲ್ಲ. ಹಾಗಾಗಿ ಅವರು ಏನೂ ತಿಳಿಯದೆ, ಎಂದಿನಂತೆ ಕೆಳಗೆ ಚಪ್ಪಲಿ ಅಂಗಡಿಯವನೊಂದಿಗೆ ಎರಡು ಮಾತಾಡಿ, ಮೆಟ್ಟಿಲು ಹತ್ತಿ ಬಂದರು. ತಂಗಿ ಬಾಗಿಲಲ್ಲೇ ಕಾರ್ಡು ಕೈಗಿಟ್ಟು, ಕನ್ನಡಕ ತಂದಿದ್ದೀರೋ ಇಲ್ಲವೋ ಎಂದು ಕೇಳದೆ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಯೂ ಬಿಟ್ಟಳು. ಯಾರ ಹತ್ತಿರವೂ ಹೋಗಬೇಕಿಲ್ಲ ಎಂಬುದನ್ನು ಸ್ವಲ್ಪ ಒತ್ತಿಯೇ ಓದಿದಳು, ತಾನು ಬರೆದದ್ದೆಂಬ ಹೆಮ್ಮೆ.

ಯಜಮಾನರು ಕಾರ್ಡನ್ನು ಎರಡು ಮಡಿಕೆ ಮಾಡಿ ಜೇಬಿನಲ್ಲಿಟ್ಟರು. "ಹೌದಾ. ಗೊತ್ತೇ ಇರ್ಲಿಲ್ಲ ನೋಡಿ. ಇಷ್ಟು ದಿನ ನಿಮಗೆ ಸುಮ್ನೆ ತೊಂದ್ರೆ ಕೊಟ್ಟೆ ಅಕ್ಕಾವ್ರೇ. ಇನ್ನು ಕೊಡಲ್ಲ."

"ತೊಂದ್ರೆ ಏನು ಬಂತು..." ಎಂದಳು ಅಕ್ಕ. ತಂಗಿ ಹಾಲು ಉಕ್ಕಿತೆಂದು ಒಳಗೆ ಓಡಿದಳು. ಯಜಮಾನರು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು.

"ಬಂದಿದ್ದೀರಲ್ಲ, ಕೊಡಿ. ಒಂದ್ಸಲ ಕೊಂಡಿ ನೋಡ್ಬಿಡ್ತೀನಿ."

ಅವರು ಸರ ತೆಗೆದುಕೊಟ್ಟರು. ಅಕ್ಕ ಅವರಿಗೆ ಬೆನ್ನು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು, ಎರಡು ಇಕ್ಕಳ ಎತ್ತಿಕೊಂಡಳು. ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಏನಿತ್ತು ಎಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಕೈಗಳು ಮಾತ್ರ ಬಲು ಚುರುಕಾಗಿ, ಕುತ್ತಿಗೆಯ ಹಿಂದೆ ಕೂರುವ ಕೊಕ್ಕೆಯ ಪಕ್ಕದ ಕೊಂಡಿಯನ್ನು ಹಿಡಿದು, ತಿರುಚಿ, ಬಾಯಿ ಬಿಡಿಸಿ, ಹಾಗೆಯೇ ಬಿಟ್ಟುಬಿಟ್ಟವು. ಟಿಕ್ ಎನ್ನಲಿಲ್ಲ. ಅಷ್ಟು ವರ್ಷಗಳ ಕಸುಬಿನಲ್ಲಿ ಅವಳು ಬೇಕೆಂದೇ ಕೆಡಿಸಿದ ಮೊದಲ ಕೊಂಡಿ ಅದು. ಅಂಗಿಯ ಕಾಲರಿಗೆ ಸಿಕ್ಕಿಕೊಳ್ಳುತ್ತದೆ, ಚುಚ್ಚುತ್ತದೆ, ಕಾರ್ಡಿನಲ್ಲಿ ಇದಕ್ಕೆ ಪರಿಹಾರ ಇಲ್ಲವಲ್ಲ, ವಾರದೊಳಗೆ ಮೆಟ್ಟಿಲು ಹತ್ತಿ ಬರುತ್ತಾರೆ. ಹೀಗೆಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು.

"ಚೆನ್ನಾಗಿದೆ," ಎಂದು ಅವರ ಕೈಗೆ ಕೊಟ್ಟಳು. ಅವರು ಕೊರಳಿಗೆ ಹಾಕಿಕೊಂಡು, ಬೀಗದಕೈಯನ್ನು ಅಂಗಿಯೊಳಗೆ ಬಿಟ್ಟುಕೊಂಡು ಇಳಿದು ಹೋದರು.

ವಾರ ಕಳೆಯಿತು. ಬಣ್ಣ ಒಣಗಿತೆಂದು ಫೋನು ಬಂದು ತಂಗಿ ಸೂಟ್‌ಕೇಸ್ ಕಟ್ಟಿದಳು. ಹೊರಡುವಾಗ ಅಕ್ಕನ ಗಲ್ಲ ಹಿಡಿದು, "ನೋಡು, ಕೋಣೆ ಎಷ್ಟು ನಿಶ್ಶಬ್ದವಾಗಿದೆ. ಇನ್ನು ಆರಾಮಾಗಿ ಕೆಲಸ ಮಾಡು" ಎಂದಳು. ಅಕ್ಕ ಬಸ್‌ಸ್ಟಾಪಿನವರೆಗೆ ಹೋಗಿ ಕೈಬೀಸಿ ಬಂದು, ಆರಾಮಾಗಿ ಕೂತು, ಯಾರೂ ಇಲ್ಲದ ಕೋಣೆಯನ್ನು ನೋಡಿದಳು. ಚಹಾಕ್ಕೆ ನೀರಿಟ್ಟರೆ ಪಾತ್ರೆಯ ತಳ ಮುಚ್ಚುವಷ್ಟೂ ಬೇಕಾಗಲಿಲ್ಲ. ಬಿಳಿ ಬಟ್ಟೆ ಮಡಿಸಿದಲ್ಲೇ ಹಳದಿಯಾಗತೊಡಗಿತು. ಅವಳಿಗೆ ತಂಗಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬರೀ ಸಂಕಟ.

ಯಜಮಾನರ ಸುಳಿವಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಅಕ್ಕ ಇಕ್ಕಳ ಕೆಳಗಿಡುವಳು. ಬಂದವರು ಚಪ್ಪಲಿ ಅಂಗಡಿಗೆ ದಾರಿ ತಪ್ಪಿದವರು. ಇನ್ನಷ್ಟು ದಿನ ಹೋದ ಮೇಲೆ ಕಾಯುವುದು ಹೋಗಿ ಹೆದರಿಕೆ ಹತ್ತಿಕೊಂಡಿತು. ಬಾಯಿ ಬಿಟ್ಟ ಕೊಂಡಿ ಚುಚ್ಚಲೇಬೇಕೆಂದೇನಿದೆ? ಮೆಲ್ಲಗೆ ಜಾರಿಹೋಗಬಹುದು. ಸರ, ಬೀಗದಕೈ ಎರಡೂ ಎಲ್ಲೋ ಚರಂಡಿಗೆ ಬಿದ್ದಿರಬಹುದು. ಆ ಮನುಷ್ಯ ಮುಚ್ಚಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತ ಚಿತ್ರ ಅವಳ ಕಣ್ಣಿಗೆ ಕಟ್ಟಿತು. ಮೊದಲ ಸಲ ಕೂತಾಗ ವಯಸ್ಸು ಕಡಿಮೆ ಇತ್ತು. ಈಗ ಚಳಿ ಬೇರೆ. ಒಂದು ಬೆಳಿಗ್ಗೆ ಎರಡೂ ಇಕ್ಕಳಗಳನ್ನು ಚೀಲಕ್ಕೆ ಹಾಕಿಕೊಂಡು, ಕೋಣೆಗೆ ಬೀಗ ಜಡಿದು ಹೊರಟಳು. ಹೆಸರು ಕೇಳಿರಲಿಲ್ಲ, ಮನೆ ಗೊತ್ತಿಲ್ಲ, ಗೊತ್ತಿದ್ದದ್ದು ಆಸ್ಪತ್ರೆ ಎಂಬ ಒಂದೇ ಮಾತು.

ಆಸ್ಪತ್ರೆಯಲ್ಲಿ ಚೀಟಿ ಕೊಡುವಲ್ಲಿಂದ ಔಷಧಿ ಕೊಡುವಲ್ಲಿಗೆ, ಅಲ್ಲಿಂದ ಬಟ್ಟೆ ಒಗೆಯುವಲ್ಲಿಗೆ ಅವಳನ್ನು ಅಟ್ಟಿದರು. ತೆಳ್ಳಗೆ, ಚೊಕ್ಕ ಕೈ, ಕೊರಳಲ್ಲಿ ಬೀಗದಕೈ ಎಂದು ಹೇಳಿ ಹೇಳಿ ಅವಳಿಗೇ ನಾಚಿಕೆಯಾಯಿತು. ಕೊನೆಗೆ ನೆಲಮಾಳಿಗೆಯಲ್ಲಿ, ಹಬೆ ತುಂಬಿದ ಒಂದು ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಾಗ, ಒಳಗೆ ತಟ್ಟೆಗಳಲ್ಲಿ ಕತ್ತರಿ ಚಿಮಟಗಳನ್ನು ಜೋಡಿಸುತ್ತಿದ್ದ ಹೆಂಗಸಿನ ಮುಖ ಅರಳಿತು.

"ಓ, ಕತ್ತರಿ ದೊಡ್ಡಪ್ಪನಾ! ಬನ್ನಿ ಬನ್ನಿ, ಹೇಗಿದಾರೆ?"

"ಕತ್ತರಿ...?"

"ಆಪರೇಷನ್ನಿನ ಸಾಮಾನೆಲ್ಲ ಅವ್ರ ಕೈಯಲ್ಲೇ ಇತ್ತಲ್ಲ. ಸ್ಟೀಲು ಹೇಗೆ ತೊಳೀಬೇಕು, ಹೇಗೆ ಒರೆಸ್ಬೇಕು, ನಮಗೆಲ್ಲ ಕಲಿಸಿದ್ದೇ ಅವ್ರು. ಒಂದು ಕತ್ತರಿ ತಿರುಪು ಸಡಿಲ ಇದ್ರೆ ಕಣ್ಣಲ್ಲಿ ನೋಡೋದೇ ಬೇಡ, ಕೈಗೆ ತಗೊಂಡ ಕೂಡ್ಲೇ ಎತ್ತಿ ಆಚೆ ಇಡೋರು. ಯಾಕಮ್ಮಾ, ತಲೆ ಸುತ್ತುತ್ತಾ? ಕೂತ್ಕೊಳಿ."

ಅಕ್ಕ ಕೂತಳು. ಜೀವಮಾನವಿಡೀ ಸ್ಟೀಲು ತೊಳೆದ ಮನುಷ್ಯನಿಗೆ ತಾನು ಮೊದಲನೇ ನೀರು, ಎರಡನೇ ನೀರು ಎಂದು ಪಾಠ ಹೇಳಿದ್ದು, ಒಳಗಿನ ಬೆವರು ಬಿಟ್ಟುಕೊಳ್ಳಬೇಕು ಎಂದದ್ದು, ಅವರು ಹೌದು ಹೌದೆಂದು ತಲೆಯಾಡಿಸಿದ್ದು ಒಂದೊಂದಾಗಿ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಆ ಕಪ್ಪು ಜಿಡ್ಡಿನ ವಾಸನೆಯೂ ನೆನಪಾಯಿತು. ಬೂಟ್ ಪಾಲಿಶಿನ ಹಾಗೆ ಏನು, ಬೂಟ್ ಪಾಲಿಶೇ. ಕೆಳಗೆ ಚಪ್ಪಲಿ ಅಂಗಡಿಯವನೊಂದಿಗೆ ಎರಡು ಮಾತಾಡಿಯಲ್ಲವೇ ಮೇಲೆ ಬರುತ್ತಿದ್ದದ್ದು! ಸರಕ್ಕೆ ತಾವೇ ಮಸಿ ಬಳಿದುಕೊಂಡು ತೊಳೆಸಲು ಬರುತ್ತಿದ್ದರು. ಅವಳಿಗೆ ಅರ್ಧ ಗಂಟೆ ಬೇಕಿದ್ದ ಹಾಗೆಯೇ ಅವರಿಗೂ ಬೇಕಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು ಅಕ್ಕನಿಗೆ, ಮರುಗಳಿಗೆಯಲ್ಲೇ ಇನ್ನೊಂದು ಹೊಳೆಯಿತು. ಅಂಥ ಕೈಗೆ ಬಾಯಿ ಬಿಟ್ಟ ಕೊಂಡಿ ಗೊತ್ತಾಗದೆ ಇದ್ದೀತೇ? ಗೊತ್ತಾಗಿದೆ. ಗೊತ್ತಾಗಿಯೂ ಬರಲಿಲ್ಲ. ಎಂದರೆ ಅವಳ ಕಪಟವೂ ಗೊತ್ತಾಗಿದೆ, ಅಸಹ್ಯಪಟ್ಟುಕೊಂಡಿದ್ದಾರೆ.

ತಟ್ಟೆಯ ಹೆಂಗಸು ಮನೆಯ ಗುರುತು ಹೇಳಿದಳು. ನೀರಿನ ಟ್ಯಾಂಕಿನ ಹಿಂದಿನ ಸಾಲಿನಲ್ಲಿ ಕೊನೆಯದು, ಹಸಿರು ಬಾಗಿಲು. ಅಕ್ಕ ಆಸ್ಪತ್ರೆಯ ಗೇಟಿನಲ್ಲಿ ನಿಂತಳು. ಎಡಕ್ಕೆ ಹೋದರೆ ತನ್ನ ಕೋಣೆ. ಆ ಮನುಷ್ಯ ಸುರಕ್ಷಿತ, ಬೀಗದಕೈ ಕಳೆದಿರಲಾರದು, ಸಡಿಲ ಕಂಡಲ್ಲಿ ಬಿಗಿ ಮಾಡದೆ ಬಿಡುವ ಕೈಯಲ್ಲ ಅದು. ಇನ್ನು ಹೋಗಿ ಮುಖಕ್ಕೆ ಮಂಗಳಾರತಿ ಮಾಡಿಸಿಕೊಳ್ಳುವುದು ಯಾಕೆ? ಹೀಗೆ ಯೋಚಿಸುತ್ತ ಬಲಕ್ಕೇ ನಡೆದಳು. ಅಸಹ್ಯವಾದರೆ ಅಸಹ್ಯ, ಒಂದು ಮಾತು ಅವರ ಬಾಯಿಂದ ಕೇಳಿ ಬಿಡೋಣ ಎನ್ನಿಸಿತ್ತು. ಆ ಕೋಣೆಗೆ ವಾಪಸು ಹೋಗಿ ಸುಮ್ಮನೆ ಕೂರುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

ಹಸಿರು ಬಾಗಿಲು ತೆರೆದೇ ಇತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆ, ಗೋಡೆಯ ಮೇಲೆ ಗಡಿಯಾರ ತೆಗೆದ ಬಿಳಿ ಗುರುತು. ಯಜಮಾನರು ಬಗ್ಗಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಬೀಗದಕೈ ಅಂಗಿಯಿಂದ ಹೊರಬಿದ್ದು ಕೊರಳಲ್ಲಿ ತೂಗುತ್ತಿತ್ತು.

"ಇದೆಯಲ್ಲ," ಎಂದುಬಿಟ್ಟಳು ಅಕ್ಕ.

ಅವರು ತಲೆಯೆತ್ತಿ ನೋಡಿ, ಗಡಬಡಿಸಿ, ಸರವನ್ನು ಕೈಯಲ್ಲಿ ಮುಚ್ಚಿಕೊಂಡರು. ಕದ್ದು ಸಿಕ್ಕಿಬಿದ್ದವರ ಹಾಗೆ. "ಅಕ್ಕಾವ್ರೇ! ನೀವಿಲ್ಲಿ? ಬನ್ನಿ, ಕುರ್ಚಿ ಎಲ್ಲ ಕಟ್ಬಿಟ್ಟಿದೀನಿ..."

"ಸರ ಕೊಡಿ ಇಲ್ಲಿ."

"ಚೆನ್ನಾಗಿದೆ ಬಿಡಿ. ಏನೂ ಆಗಿಲ್ಲ."

"ಕೊಡಿ ಯಜಮಾನ್ರೇ."

ಕೊಟ್ಟರು. ಕೊಕ್ಕೆಯ ಪಕ್ಕದ ಕೊಂಡಿ ಮುಚ್ಚಿತ್ತು. ಹಲ್ಲಿರುವ ಚಿಮಟದಲ್ಲಿ ಹಿಡಿದು ಒತ್ತಿದ್ದರಿಂದ ಎರಡೂ ಕಡೆ ಗೀರು ಬಿದ್ದಿತ್ತು.

"ಯಾವಾಗ ಗೊತ್ತಾಯ್ತು?"

"ಮೆಟ್ಟಿಲು ಇಳಿಯೋವಾಗ್ಲೇ."

"ಮತ್ತೆ ಯಾಕೆ ವಾಪಸ್ ಹತ್ತಿ ಬರ್ಲಿಲ್ಲ?"

ಯಜಮಾನರು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹೇಗೆ ಬರ್ಲಿ? ನಿಮ್ಮ ಕೆಲಸ ನಂಗೊತ್ತಿಲ್ವಾ? ನೀವು ನೋಡಿ ಚೆನ್ನಾಗಿದೆ ಅಂತ ಕೊಟ್ಟಿದ್ದು. ಅದನ್ನ ತಂದು ನಿಮ್ಮ ಮುಂದೆ ಹಿಡಿದ್ರೆ... ನಿಮ್ಮ ಕಣ್ಣು ಮಂಜಾಗ್ತಿದೆಯೇನೋ ಅಂದ್ಕೊಂಡೆ. ನಮ್ಮ ಕೆಲಸದಲ್ಲಿ ಒಬ್ರಿಗೆ ಹಾಗಾಗಿತ್ತು. ತೊಳೆದ ಚಿಮಟದಲ್ಲಿ ಕೊಳೆ ಉಳಿದಿದೆ ಅಂತ ನಾನೇ ಹೇಳ್ದೆ. ಆಮೇಲೆ ಅವ್ರು ಸಾಮಾನು ಮುಟ್ಲೇ ಇಲ್ಲ. ನಿಮಗೆ ಹಾಗಾಗೋದು ಬೇಡ ಅನ್ನಿಸ್ತು. ಮನೇಲೇ ಒತ್ಕೊಂಡೆ. ಸರಿಯಾಗ್ಲಿಲ್ಲ, ಸ್ಟೀಲು ಮಾತು ಕೇಳಲ್ಲ ನೋಡಿ. ಈಗ ನಿಮ್ಮಲ್ಲಿಗೆ ಬಂದ್ರೆ ನೀವು ಸರ ಕೇಳ್ತೀರಿ, ಕೇಳಿದ್ರೆ ಗೀರು ಕಾಣತ್ತೆ. ಅದಕ್ಕೇ ಆ ಬೀದಿನೇ ಬಿಟ್ಟು ಸುತ್ತಿ ಹೋಗ್ತಿದ್ದೆ."

ಅವಳ ಮರ್ಯಾದೆ ಉಳಿಸಲೆಂದು ಆ ಮನುಷ್ಯ ತಮ್ಮ ಅರ್ಧ ಗಂಟೆಯನ್ನೇ ಕಳೆದುಕೊಂಡಿದ್ದರು. ಅಕ್ಕನಿಗೆ ನಿಂತಲ್ಲೇ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಈ ಪೆಟ್ಟಿಗೆ ಎಲ್ಲ ಏನು?"

"ನಮ್ಮಕ್ಕ ಇದಾಳೆ, ಬೇರೆ ಊರಲ್ಲಿ. ತುಂಬಾ ದಿನದಿಂದ ಕರೀತಿದ್ಲು. ಅಲ್ಲಿ ನಿಂಗೆ ಏನಿದೆ, ಯಾರಿದಾರೆ ಅಂತ. ಪ್ರತಿ ಸಲ ಏನೋ ಒಂದು ಹೇಳಿ ತಪ್ಪಿಸ್ಕೋತಿದ್ದೆ. ಈ ಸಲ ಹೇಳೋಕೆ ಏನೂ ಸಿಗ್ಲಿಲ್ಲ. ನಾಳೆ ಗಾಡಿ ಬರತ್ತೆ."

ಹೌದು ಯಜಮಾನ್ರೇ, ಕಣ್ಣು ಸ್ವಲ್ಪ ಮಂಜು, ಎಂದರೆ ಮುಗಿಯುತ್ತಿತ್ತು. ಅವರು ಅಯ್ಯೋ ಪಾಪ ಎನ್ನುತ್ತಿದ್ದರು, ಇವಳು ಕೊಂಡಿ ಸರಿಮಾಡಿ ಕೊಟ್ಟು ಮರ್ಯಾದೆಯಿಂದ ಮನೆಗೆ ಹೋಗಬಹುದಿತ್ತು. ಅಕ್ಕ ಸರವನ್ನು ಮುಷ್ಟಿಯಲ್ಲಿ ಹಿಡಿದು, ನೆಲ ನೋಡುತ್ತ ಹೇಳಿದಳು:

"ನನ್ನ ಕಣ್ಣು ಸರಿಯಾಗಿದೆ. ಬೇಕಂತಲೇ ಬಿಟ್ಟಿದ್ದು ಅದನ್ನ."

"ಬೇಕಂತ?"

"ಬೇಕಂತ. ನೀವು ಮತ್ತೆ ಬರ್ಲಿ ಅಂತ. ಬೀಗದಕೈ ಬಿದ್ದುಹೋಗಿದ್ರೆ ಏನು ಗತಿ ಅಂತ್ಲೂ ಯೋಚ್ನೆ ಮಾಡ್ಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೈಯಿರಿ."

ಯಜಮಾನರು ಬೈಯಲಿಲ್ಲ. ಕಟ್ಟಿದ್ದ ಪೆಟ್ಟಿಗೆಯ ಮೇಲೆ ನಿಧಾನವಾಗಿ ಕೂತು, ಚೊಕ್ಕ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೋಡಿಕೊಂಡರು. ಬೀದಿಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು.

"ಗಾಡಿಗೆ ಹೇಳಿಯಾಗಿದೆ," ಎಂದರು ಕೊನೆಗೆ, ಅರ್ಧ ತಮಗೇ ಹೇಳಿಕೊಳ್ಳುವಂತೆ. "ನಮ್ಮಕ್ಕ ಕೋಣೆ ಖಾಲಿ ಮಾಡಿಸಿ ಕಾಯ್ತಿದಾಳೆ. ಈಗ ಅವಳಿಗೆ ಏನಂತ ಹೇಳ್ಲಿ?"

ಊರಿಗೆಲ್ಲ ಸುಳ್ಳು ಹೊಲಿದು ಕೊಟ್ಟವಳು ಎದುರಿನ ಪೆಟ್ಟಿಗೆಯ ಮೇಲೆ ಕೂತು, ಚೀಲದಿಂದ ಎರಡೂ ಇಕ್ಕಳಗಳನ್ನು ತೆಗೆದಳು.

"ಸರ ರಿಪೇರಿಗೆ ಕೊಟ್ಟಿದೀನಿ, ಆದ್ಮೇಲೆ ಬರ್ತೀನಿ ಅನ್ನಿ."

"ಒಂದು ಕೊಂಡಿ ತಾನೇ, ಎಷ್ಟು ಹೊತ್ತಾದೀತು ಅಂತಾಳೆ. ಅವಳು ಅಷ್ಟಕ್ಕೆ ಬಿಡೋಳಲ್ಲ."

ಅಕ್ಕ ಬೀಗದಕೈ ಕಳಚಿ ಅವರ ಕೈಗೆ ಕೊಟ್ಟಳು. ಗೀರು ಬಿದ್ದ ಕೊಂಡಿಯನ್ನು ತಿರುಚಿ ಬಿಚ್ಚಿದಳು. ಅದರ ಪಕ್ಕದ, ಏನೂ ಆಗಿರದ ಕೊಂಡಿಯನ್ನೂ ಬಿಚ್ಚಿದಳು. ಅದರ ಪಕ್ಕದ್ದನ್ನೂ. ಪುಟ್ಟ ಬಳೆಗಳು ಒಂದೊಂದಾಗಿ ಮಡಿಲಿಗೆ ಉದುರತೊಡಗಿದವು. ನೆಲಕ್ಕೆ ಉರುಳಿದ ಒಂದನ್ನು ಯಜಮಾನರು ಬಗ್ಗಿ ಎತ್ತಿ ಮಡಿಲಿಗೆ ಹಾಕಿದರು.

"ಒಂದಲ್ಲ," ಎಂದಳು ಅಕ್ಕ, ಕೈ ನಿಲ್ಲಿಸದೆ. "ಮೊದಲಿಂದ ಹೆಣೀಬೇಕಂತೆ ಅಂತ ಹೇಳಿ."